ಮಂಗಳೂರಿನ ಕ್ರೈಸ್ತ ಕಾಲೇಜುಗಳಲ್ಲಿ ಮುಖ್ಯಸ್ಥರು ಹೆಚ್ಚಾಗಿ ಫಾದರ್ ಅಥವಾ ಸಿಸ್ಟರ್ ಯಾಕೆ?

ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ, ಅದಕ್ಕೆ. ಸಂವಿಧಾನದ 30ನೇ ವಿಧಿ ಪ್ರಕಾರ, ಧರ್ಮ ಅಥವಾ ಭಾಷೆಯ ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ತಾವೇ ನಡೆಸಬಹುದು. ಯಾರನ್ನು ನೇಮಿಸಬೇಕು ಅಂತ ಬೇರೆಯವರು ತೀರ್ಮಾನಿಸಿದರೆ ನಡೆಸುವ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ, ಅಲ್ವಾ? 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಈ ಹಕ್ಕನ್ನು ವಿವರವಾಗಿ ನೋಡಿತು. ಆ ಪ್ರಕರಣಕ್ಕೆ ಇರುವುದು ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಹೆಸರೇ!

ಹಾಗಂತ ಸುಮ್ನೆ ಯಾರನ್ನೋ ತಂದು ಕೂರಿಸುವ ಹಾಗಿಲ್ಲ. ವಿದ್ಯಾರ್ಹತೆಯನ್ನು ಸರಕಾರ ನಿಗದಿ ಮಾಡಬಹುದು. ಅನುದಾನ ಪಡೆಯುವ ಕಡೆ ಸೇವಾ ನಿಯಮಗಳ ಹಿಡಿತ ಇನ್ನೂ ಜಾಸ್ತಿ, ಆದರೆ ಹಕ್ಕು ಪೂರ್ತಿ ಹೋಗುವುದಿಲ್ಲ.

ಫಾದರ್ರೋ ಸಿಸ್ಟರ್ರೋ ಅನ್ನೋದು ಕಟ್ಟಿದವರ ಮೇಲೆ ಹೋಗುತ್ತದೆ. 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್ ಜೆಸ್ವಿಟ್ ಪಾದ್ರಿಗಳದ್ದು. 1921ರ ಸೇಂಟ್ ಆಗ್ನೆಸ್ ಅಪೋಸ್ಟಲಿಕ್ ಕಾರ್ಮೆಲ್ ಸಿಸ್ಟರ್‌ಗಳದ್ದು. ಕರಾವಳಿಯಲ್ಲಿ ಹೆಂಗಸರು ಕಾಲೇಜಿನ ಚುಕ್ಕಾಣಿ ಹಿಡಿದದ್ದು ಇಷ್ಟು ಬೇಗ ಕಾಣಿಸುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ಪಾಠ ಮಾಡುವವರ ವಿಷಯ ಬೇರೆ. ಅಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ.