ಮಾವನ ಫೋನಿನ ಸ್ಪೀಕರ್ ಆಫ್ ಮಾಡಿ

ಕುಮಟಾ ಹತ್ತಿರದ ಊರಿನಿಂದ ಅಕ್ಕನೊಬ್ಬರು ಬರೆದಿದ್ದಾರೆ. ಹತ್ತೊಂಬತ್ತು ವರ್ಷದ ತಮ್ಮ ಸೆಕೆಂಡ್ ಪಿಯುಸಿ ವಿಜ್ಞಾನದಲ್ಲಿ ಫಿಸಿಕ್ಸ್, ಮ್ಯಾಥ್ಸ್ ಫೇಲಾಗಿ ಒಂದು ವರ್ಷದಿಂದ ಮನೆಯಲ್ಲಿದ್ದಾನೆ. ರಾತ್ರಿ ಮೂರರವರೆಗೆ ಮೊಬೈಲು, ಏಳುವುದು ಮಧ್ಯಾಹ್ನ. ಅಪ್ಪ ಉಂಡು ಎದ್ದ ಮೇಲೆಯೇ ಅವನು ಊಟಕ್ಕೆ ಬರುವುದು. ಬೆಂಗಳೂರಿನ ಸೋದರಮಾವ ಭಾನುವಾರಕ್ಕೊಮ್ಮೆ ಫೋನ್ ಮಾಡಿ, ಸ್ಪೀಕರ್ ಹಾಕಿಸಿ, "ಏನ್ ಮಾಡ್ತಾ ಇದ್ದಾರೆ ನಿಮ್ಮನೆ ಸಾಹೇಬ್ರು?" ಅನ್ನುತ್ತಾರೆ. ತಮ್ಮನಿಗೆ ಓದಿನ ಮೇಲೆ ಆಸಕ್ತಿಯೇ ಹೋಗಿದೆ ಅನ್ನುವುದು ಅಕ್ಕನ ಕೊರಗು.

ಮೂರು ಪುಟದ ಪತ್ರದಲ್ಲಿ ನೀವು ಕಂಸದೊಳಗೆ ತುರುಕಿದ ಒಂದು ಸಾಲಿದೆ: "ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ, 84 ಪರ್ಸೆಂಟ್ ಬಂದಿತ್ತು, ಸೈನ್ಸ್ ಕೊಡಿಸಿದ್ದು ಮಾವ." ತಂಗೀ, ಉತ್ತರ ಅಲ್ಲೇ ಇದೆಯಲ್ಲ! ಹತ್ತನೇ ತರಗತಿಯಲ್ಲಿ ವಕ್ರೀಭವನ, ರೋಧ ಎಂದು ಕಲಿತ ಹುಡುಗನಿಗೆ ರಜೆ ಮುಗಿಯುವಷ್ಟರಲ್ಲಿ ಅವೆಲ್ಲ ರಿಫ್ರ್ಯಾಕ್ಷನ್, ರೆಸಿಸ್ಟೆನ್ಸ್ ಆಗಿಬಿಟ್ಟವು. ಗೊತ್ತಿದ್ದ ಪಾಠವೇ ಗೊತ್ತಿಲ್ಲದ್ದಾಯಿತು. ಮೊದಲ ತಿಂಗಳು ಕೇಳಲು ನಾಚಿಕೆ, ಮೂರನೇ ತಿಂಗಳಿಗೆ ಕೇಳುವುದಕ್ಕೇ ಏನೂ ತಿಳಿಯದ ಸ್ಥಿತಿ. ಇದನ್ನು ಆಸಕ್ತಿ ಹೋಯಿತು ಅನ್ನಬೇಡಿ. ಅಪ್ಪ ಉಂಡ ಮೇಲೆ ಉಣ್ಣುವವನಿಗೆ ಇರುವುದು ಅವಮಾನ, ಸೋಮಾರಿತನವಲ್ಲ.

ಮಾವನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಬಸ್ಸು ಹತ್ತಿಸಿದವರು ಅವರು. ಈಗ ಯಾಕೆ ಇಳಿದೆ ಎಂದು ವಾರವಾರ ಕೇಳುವವರೂ ಅವರೇ. ಮಾತಾಡಲಿ, ಆದರೆ ಸ್ಪೀಕರ್ ಬೇಡ. "ಬೆಂಗಳೂರಿಗೆ ಕಳಿಸಿ, ನಾನು ಸರಿ ಮಾಡ್ತೇನೆ" ಅಂದರೆ ಚೌತಿಗೆ ಬಂದಾಗ ನೋಡೋಣ ಅನ್ನಿ.

ಮುಂದಿನ ದಾರಿ ನೀವು ಅಂದುಕೊಂಡಷ್ಟು ಕಿರಿದಲ್ಲ. ಐಟಿಐ ಸೇರಲು ಪಿಯುಸಿ ಪಾಸಾಗಿರಬೇಕೆಂದಿಲ್ಲ, ಸರ್ಕಾರಿ ಸೀಟು ಸಿಗುವುದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಅವನ 84 ಅಲ್ಲಿ ಚಿನ್ನ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡೂ ಎರಡು ವರ್ಷದ ಟ್ರೇಡ್. ದಿನದ ಹೆಚ್ಚಿನ ಹೊತ್ತು ವರ್ಕ್‌ಶಾಪಿನಲ್ಲಿ, ಕೈಯಲ್ಲಿ ಕೆಲಸ. ಮುಗಿಸಿದವರನ್ನು ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆಯ ಹಡಗು ದುರಸ್ತಿ ಯಾರ್ಡ್ ಅಪ್ರೆಂಟಿಸ್ ಆಗಿ ಕರೆಯುವುದುಂಟು. ಆಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಸೇರಬಹುದು. ಇಲ್ಲ, ಪಿಯುಸಿಯೇ ಮುಗಿಸುತ್ತೇನೆ ಅಂದರೆ ಬರೆಯಬೇಕಾದ್ದು ಎರಡೇ ವಿಷಯ, ಪಾಸಾದವನ್ನು ಯಾರೂ ಮತ್ತೆ ಕೇಳುವುದಿಲ್ಲ. ಆಗ ಟ್ಯೂಷನ್‌ಗಿಂತ ಮೊದಲು ನೂರು ಪುಟದ ನೋಟ್‌ಬುಕ್ ಬೇಕು: ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್, ದಿನಕ್ಕೆ ಹತ್ತು. ಹತ್ತನೇ ತರಗತಿಯ ಕನ್ನಡ, ಇಂಗ್ಲಿಷ್ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಬರೆದರೆ ಸಾಕು. ಯಾವ ದಾರಿ ಅನ್ನುವುದನ್ನು ಅವನೇ ಹೇಳಲಿ, ಮತ್ತೊಬ್ಬ ಮಾವ ಬೇಡ.

ಎಲ್ಲರೂ ಎಡವುವುದು ಒಂದೇ ಕಡೆ: "ಮೊದಲು ಬೆಳಿಗ್ಗೆ ಆರಕ್ಕೆ ಏಳು." ಒಂದು ವರ್ಷ ತಿರುಗುಮುರುಗಾದ ನಿದ್ದೆ ಒಂದೇ ರಾತ್ರಿಗೆ ಸರಿಯಾಗದು, ಮೂರನೇ ದಿನ ಸೋಲುತ್ತಾನೆ, ಮತ್ತೊಂದು ಫೇಲು. ಏಳಲು ಕಾರಣ ಸಿಕ್ಕ ಮೇಲೆ ಮೂರು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಹಿಂದಕ್ಕೆ ತಂದರಾಯಿತು.

ಊಟ ಬಿಟ್ಟರೆ, ಬದುಕೇ ಬೇಡವೆನ್ನುವ ಮಾತು ಬಂದರೆ ಮಾತ್ರ ಇದಾವುದಕ್ಕೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಸದ್ಯಕ್ಕೆ ಒಂದೇ ಕೆಲಸ. ಈ ವಾರ ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನ ಮೂರಕ್ಕೆ ತಮ್ಮನ ಜೊತೆ ಅವನ ಕಾಲೇಜಿನ ಆಫೀಸಿಗೆ ಹೋಗಿ. ಮೂರಕ್ಕೆ ಯಾಕೆಂದರೆ ಅವನು ಎದ್ದಿರುತ್ತಾನೆ, ಹುಡುಗರೆಲ್ಲ ಕ್ಲಾಸಿನಲ್ಲಿರುತ್ತಾರೆ, ವರಾಂಡದಲ್ಲಿ ಜೂನಿಯರ್‌ಗಳ ಮುಖ ನೋಡಬೇಕಿಲ್ಲ. ಸೇರುವಾಗ ಕೊಟ್ಟ ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ ಅಲ್ಲೇ ಇದ್ದರೆ ವಾಪಸ್ ಕೇಳಿ. ಕೇಳುವವನು ಅವನು, ನೀವು ಬಾಗಿಲ ಹತ್ತಿರ ನಿಂತಿರಿ. ಹಿಂತಿರುಗುವಾಗ ಭವಿಷ್ಯದ ಮಾತು ಬೇಡ. ಬಸ್ ಸ್ಟ್ಯಾಂಡಿನಲ್ಲಿ ಒಂದೊಂದು ಸೋಡಾ ಕುಡಿದು ಮನೆಗೆ ಬನ್ನಿ.