ಹೊಸ ಐಎಸ್‌ಪಿ ಐಪಿ ವಿಳಾಸಗಳನ್ನು ಎಲ್ಲಿಂದ ಪಡೆಯುತ್ತದೆ? ಅವನ್ನು ದಾಖಲಿಸಲೇಬೇಕಾ?

ನೀವು ಕೇಳಿದ್ದು ಎರಡು ವಿಷಯ. ಹೊಸ ಐಎಸ್‌ಪಿಗೆ, ಅಂದರೆ ಇಂಟರ್ನೆಟ್ ಸೇವೆ ಕೊಡುವ ಕಂಪನಿಗೆ, ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಯಾರು ಕೊಡುತ್ತಾರೆ? ಅದನ್ನು ಗ್ರಾಹಕರಿಗೆ ಹಂಚಿದ ಮೇಲೆ ಮತ್ತೆ ದಾಖಲಿಸಲೇಬೇಕಾ? ನೆಟ್‌ವರ್ಕ್ ಕೆಲಸದಲ್ಲಿರುವ ನನ್ನ ಪ್ರಕಾರ ಎರಡನೆಯದೇ ದೊಡ್ಡ ಪ್ರಶ್ನೆ. ಮೊದಲನೆಯದನ್ನು ಬೇಗ ಹೇಳಿಬಿಡುತ್ತೇನೆ.

ವಿಳಾಸಗಳು ಜಗತ್ತಿನ ಮೂಲ ಸಂಗ್ರಹ ನೋಡಿಕೊಳ್ಳುವ ಐಯಾನಾ ಸಂಸ್ಥೆಯಿಂದ ಐದು ಪ್ರಾದೇಶಿಕ ರಿಜಿಸ್ಟ್ರಿಗಳಿಗೆ ಹೋಗುತ್ತವೆ: ಏರಿನ್ (ಉತ್ತರ ಅಮೆರಿಕ), ರೈಪ್ ಎನ್‌ಸಿಸಿ (ಯುರೋಪ್, ಮಧ್ಯಪ್ರಾಚ್ಯ), ಏಪಿನಿಕ್ (ಏಷ್ಯಾ-ಪೆಸಿಫಿಕ್), ಲ್ಯಾಕ್‌ನಿಕ್ (ಲ್ಯಾಟಿನ್ ಅಮೆರಿಕ), ಆಫ್ರಿನಿಕ್ (ಆಫ್ರಿಕಾ). ನಿಮ್ಮ ಪ್ರದೇಶದ ರಿಜಿಸ್ಟ್ರಿಗೆ ಸದಸ್ಯರಾಗಿ, ವರ್ಷದ ಶುಲ್ಕ ಕಟ್ಟಿ, ಅರ್ಜಿ ಹಾಕಬೇಕು. ಅಪ್‌ಸ್ಟ್ರೀಮ್ ಕಂಪನಿಯ, ಅಂದರೆ ನಿಮಗೆ ಇಂಟರ್ನೆಟ್ ಸಂಪರ್ಕ ಕೊಡುವ ದೊಡ್ಡ ಕಂಪನಿಯ, ವಿಳಾಸಗಳನ್ನೇ ಬಳಸುವ ದಾರಿಯೂ ಇದೆ. ಆದರೆ ನಾಳೆ ಅವರನ್ನು ಬಿಟ್ಟರೆ ವಿಳಾಸಗಳನ್ನು ವಾಪಸ್ ಕೊಡಬೇಕು, ಇಡೀ ನೆಟ್‌ವರ್ಕ್‌ಗೆ ಹೊಸ ನಂಬರ್ ಹಾಕಬೇಕು. ಆ ಕಷ್ಟ ಯಾರಿಗೂ ಬೇಡ.

ಐಪಿವಿ4, ಅಂದರೆ ಹಳೆಯ ಮಾದರಿಯ ವಿಳಾಸ, ಜಾಸ್ತಿ ಸಿಗುತ್ತದೆ ಅಂದುಕೊಳ್ಳಬೇಡಿ. ಐಯಾನಾ ತನ್ನ ಕೊನೆಯ ದೊಡ್ಡ ಬ್ಲಾಕ್‌ಗಳನ್ನು (ವಿಳಾಸಗಳ ಗುಂಪುಗಳನ್ನು) 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಸಿತು. ಏಪಿನಿಕ್‌ನಲ್ಲಿ ಹೊಸ ಸದಸ್ಯರಿಗೆ ಹೆಚ್ಚೆಂದರೆ ಒಂದು ಸ್ಲ್ಯಾಷ್ 23, ಅಂದರೆ 512 ವಿಳಾಸ (ಸ್ಲ್ಯಾಷ್ ನಂತರದ ಸಂಖ್ಯೆ ಚಿಕ್ಕದಾದಷ್ಟೂ ಬ್ಲಾಕ್ ದೊಡ್ಡದು). ರೈಪ್‌ನಲ್ಲಿ ಕಾಯುವ ಪಟ್ಟಿಗೆ ಸೇರಿ, ಸರದಿ ಬಂದಾಗ 256. ಇನ್ನೂ ಬೇಕಿದ್ದರೆ ಈಗಾಗಲೇ ವಿಳಾಸ ಇಟ್ಟುಕೊಂಡಿರುವ ಕಂಪನಿಗಳಿಂದ ಹಣ ಕೊಟ್ಟು ವರ್ಗಾಯಿಸಿಕೊಳ್ಳಬೇಕು, ಅದೂ ರಿಜಿಸ್ಟ್ರಿಯ ಒಪ್ಪಿಗೆಯ ಮೇಲೆ. ಹಾಗಾಗಿಯೇ ಎಷ್ಟೋ ಐಎಸ್‌ಪಿಗಳು ಮನೆ ಗ್ರಾಹಕರನ್ನು 100.64.0.0/10 ಎಂಬ, ಯಾವ ಐಎಸ್‌ಪಿಯಾದರೂ ಒಳಗೆ ಬಳಸಬಹುದಾದ ಬ್ಲಾಕ್‌ನಲ್ಲಿಟ್ಟು, ಸಿಜಿನ್ಯಾಟ್ (ಹಲವು ಗ್ರಾಹಕರು ಒಂದೇ ಹೊರಗಿನ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಹೊರಗೆ ಕಳಿಸುತ್ತವೆ. ದಯವಿಟ್ಟು ಅದೇ ದಿನ ಹೊಸ ಮಾದರಿಯ ವಿಳಾಸವಾದ ಐಪಿವಿ6ಗೂ ಅರ್ಜಿ ಹಾಕಿ. ಒಂದು ಸ್ಲ್ಯಾಷ್ 32 ಸಿಕ್ಕರೆ 65,536 ಗ್ರಾಹಕರಿಗೆ ತಲಾ ಒಂದು ಸ್ಲ್ಯಾಷ್ 48 ಕೊಡಬಹುದು.

ಅರ್ಜಿಯಲ್ಲಿ ಕಂಪನಿಯ ನೋಂದಣಿ ಪತ್ರ, ನೆಟ್‌ವರ್ಕ್ ಪ್ಲಾನ್, ಅಪ್‌ಸ್ಟ್ರೀಮ್ ಒಪ್ಪಂದ ಇಂಥವನ್ನು ಕೇಳಬಹುದು. 'ಬೆಳವಣಿಗೆಗೆ ಬೇಕು' ಅಂತ ಸುಮ್ನೆ ಬರೆದರೆ ಪ್ರಶ್ನೆಗಳ ಮೇಲೆ ಪ್ರಶ್ನೆ ಬರುತ್ತದೆ. ಯಾವ ಊರಿನ ಪಾಪ್‌ಗೆ (ಗ್ರಾಹಕರನ್ನು ಜೋಡಿಸುವ ಕೇಂದ್ರಕ್ಕೆ) ಎಷ್ಟು, ಸರ್ವರ್‌ಗಳಿಗೆ ಎಷ್ಟು, ನ್ಯಾಟ್ ಪೂಲ್‌ಗೆ ಎಷ್ಟು ಅಂತ ಸಬ್‌ನೆಟ್ (ಚಿಕ್ಕ ಬ್ಲಾಕ್) ಲೆಕ್ಕದಲ್ಲಿ ಬರೆಯಿರಿ.

ಈಗ ದಾಖಲೆಯ ವಿಷಯ. ಹೌದು, ಮಾಡಲೇಬೇಕು. ಏರಿನ್‌ನಲ್ಲಂತೂ ಗ್ರಾಹಕರಿಗೆ ಸ್ಲ್ಯಾಷ್ 29 ಅಥವಾ ಅದಕ್ಕಿಂತ ದೊಡ್ಡ ಬ್ಲಾಕ್ ಕೊಟ್ಟರೆ 7 ದಿನದೊಳಗೆ ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ತೋರಿಸಬೇಕು. ಮನೆ ಗ್ರಾಹಕರ ಹೆಸರನ್ನು ಮರೆಮಾಡಲು ಅಲ್ಲಿ ಅವಕಾಶವಿದೆ. ಇದು ಬರೀ ನಿಯಮಕ್ಕಾಗಿ ಮಾಡುವ ಕೆಲಸ ಅಲ್ಲ. ಒಬ್ಬ ಗ್ರಾಹಕನ ಸರ್ವರ್‌ನಿಂದ ಸ್ಪ್ಯಾಮ್ ಹೊರಟಿತು ಅನ್ನಿ. ಅವನ ಬ್ಲಾಕ್ ಬೇರೆಯಾಗಿ ದಾಖಲಾಗಿದ್ದರೆ ದೂರು ನೇರ ಅಲ್ಲಿಗೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಇಡೀ ಬ್ಲಾಕ್ ಕಪ್ಪುಪಟ್ಟಿಗೆ ಸೇರಬಹುದು, ತಪ್ಪೇ ಮಾಡದವರ ಇಮೇಲ್ ಕೂಡ ನಿಲ್ಲುತ್ತದೆ. ಮುಂದೆ ಇನ್ನಷ್ಟು ವಿಳಾಸ ಕೇಳಿದಾಗ, ಹಿಂದಿನದನ್ನು ಬಳಸಿದ್ದೀರಿ ಅನ್ನುವುದಕ್ಕೆ ಸಾಕ್ಷಿಯೂ ಇದೇ ದಾಖಲೆ ಅಲ್ವಾ?

ಇದರ ಜೊತೆಗೆ ಆರ್‌ಪಿಕೆಐ ಎಂಬ ಡಿಜಿಟಲ್ ಸಹಿ ವ್ಯವಸ್ಥೆಯಲ್ಲಿ ಆರ್‌ಒಎ ಮಾಡಿ. ನಿಮ್ಮ ಬ್ಲಾಕನ್ನು ಯಾವ ಎಎಸ್ ನಂಬರ್ (ನೆಟ್‌ವರ್ಕ್‌ನ ಗುರುತು ಸಂಖ್ಯೆ) ಘೋಷಿಸಬಹುದು, ಅಂದರೆ 'ಇದಕ್ಕೆ ದಾರಿ ನನ್ನ ಕಡೆ' ಎಂದು ಬೇರೆ ನೆಟ್‌ವರ್ಕ್‌ಗಳಿಗೆ ಹೇಳಬಹುದು, ಅನ್ನುವುದಕ್ಕೆ ಅದು ಸಹಿ ಹಾಕಿದ ಪತ್ರ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬ್‌ನ ಒಂದು ಸ್ಲ್ಯಾಷ್ 24 ಅನ್ನು ತನ್ನದೆಂಬಂತೆ ಘೋಷಿಸಿತು. ಅದು ಹೊರಗೂ ಹರಡಿ, ಜಗತ್ತಿನ ಹಲವೆಡೆ ಯೂಟ್ಯೂಬ್ ಸಿಗದಾಯಿತು. ಆರ್‌ಒಎ ಪರೀಕ್ಷಿಸುವ ನೆಟ್‌ವರ್ಕ್‌ಗಳು ಇಂಥ ಘೋಷಣೆಯನ್ನು ಬಾಗಿಲಲ್ಲೇ ತಡೆಯುತ್ತವೆ.

ದೂರಿನ ಸಂಪರ್ಕಕ್ಕೆ ಒಬ್ಬ ನೌಕರನ ಇಮೇಲ್ ಹಾಕಬೇಡಿ. ಆತ ಕೆಲಸ ಬಿಟ್ಟರೂ ಇಡೀ ತಂಡ ನೋಡುವಂಥ ಇಮೇಲ್ ವಿಳಾಸ ಕೊಡಿ, ಅದನ್ನು ದಿನಾ ತೆರೆದು ಓದಿ.