ಮಂಗನೇ ಸಾಯದೆ ಮಂಗನ ಕಾಯಿಲೆ ಹೇಗೆ ಬಂತು? ಒಂದೇ ಪ್ರಶ್ನೆ ಹಿಡಿದು ಮೂವರ ಹತ್ತಿರ ಹೋದ ಕತೆ

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ರೆಕಾರ್ಡಿಂಗ್ ನೆನಪಾಯಿತು. ಕಾಲೇಜಿನ ಪಾಡ್‌ಕಾಸ್ಟ್‌ಗೆ ವೈದ್ಯರನ್ನು, ವಿಜ್ಞಾನಿಗಳನ್ನು, ಸಮಾಜಶಾಸ್ತ್ರದವರನ್ನು ಮಾತಾಡಿಸುತ್ತೀರಿ, ಇಪ್ಪತ್ತು ಪ್ರಶ್ನೆ ಬರೆದುಕೊಂಡು ಹೋಗುತ್ತೀರಿ, ಅವರು ತರಗತಿಯಲ್ಲಿ ಪಾಠ ಮಾಡಿದ ಹಾಗೆ ಮಾತಾಡಿ ಕಳಿಸುತ್ತಾರೆ, ಕೇಳುಗರು ಐದು ನಿಮಿಷಕ್ಕೆ ಬಂದ್ ಮಾಡುತ್ತಾರೆ. ತಪ್ಪು ಎಲ್ಲಿದೆ, ಪ್ರಶ್ನೆಗಳನ್ನು ಮೊದಲೇ ಕಳಿಸಬೇಕೇ ಎಂದು ಕೇಳಿದ್ದೀರಿ.

ನಾನು ಪತ್ರಕರ್ತನಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು, ಎರಡು ಎಕರೆ ಅಡಿಕೆ ತೋಟ ಇದೆ. ಊರಿನ ನಾಲ್ಕು ಜನ ಸೇರಿ ಒಂದು ಸಣ್ಣ ಆಡಿಯೋ ಕಾರ್ಯಕ್ರಮ ಮಾಡುತ್ತೇವೆ, ಅದಕ್ಕೆ ಮಾತುಕತೆ ರೆಕಾರ್ಡ್ ಮಾಡುವ ಕೆಲಸ ನನ್ನದು. ಹಾಗಾಗಿ ನನಗೆ ಗೊತ್ತಿರುವುದು ಒಂದೇ ವಿಷಯದಿಂದ, ಅದನ್ನೇ ಹೇಳುತ್ತೇನೆ.

2018ರ ಡಿಸೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಜನ ಸತ್ತರು. ಆ ಬೇಸಿಗೆಯಲ್ಲಿ ನಮ್ಮ ಕಡೆ ಬೇರೆ ಮಾತೇ ಇರಲಿಲ್ಲ. ನಾನು ಒಬ್ಬ ವೈದ್ಯರ ಹತ್ತಿರ ಹೋಗಿ ಮೈಕ್ ಇಟ್ಟು, "ಮಂಗನ ಕಾಯಿಲೆ ಎಂದರೇನು ಸರ್?" ಎಂದೆ. ಇಪ್ಪತ್ಮೂರು ನಿಮಿಷ ಮಾತಾಡಿದರು. ಫ್ಲೇವಿವೈರಸ್, 1957, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು, ಉಣುಗು (ಉಣ್ಣೆ) ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ, ಮೈಕೈ ನೋವು, ಕೆಂಪು ಕಣ್ಣು, ಕೆಲವರಿಗೆ ಒಸಡಿನಲ್ಲಿ ರಕ್ತ. ಒಂದು ಅಕ್ಷರ ತಪ್ಪಿಲ್ಲ. ಒಂದು ಅಕ್ಷರ ನೆನಪಿನಲ್ಲಿ ನಿಲ್ಲುವುದೂ ಇಲ್ಲ.

ಮನೆಗೆ ಬಂದು ಜಗಲಿಯಲ್ಲಿ ಅದನ್ನು ಹಾಕಿದೆ. ಚಿಕ್ಕಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಒಂದಷ್ಟು ಹೊತ್ತು ಕೇಳಿದಳು. ಆಮೇಲೆ, "ಅದೆಲ್ಲ ಸರಿ ಮಾರಾಯ. ಆಚೆಮನೆ ಹುಡುಗನಿಗೆ ಬಂತಲ್ಲ, ನಮ್ಮ ಬೆಟ್ಟದಲ್ಲಿ ಒಂದು ಮಂಗನೂ ಸತ್ತಿರಲಿಲ್ಲ. ಮಂಗನೇ ಸಾಯದೆ ಮಂಗನ ಕಾಯಿಲೆ ಎಲ್ಲಿಂದ ಬಂತು?" ಅಂದಳು.

ನನ್ನ ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ನಿಮ್ಮ ಪಟ್ಟಿಯಲ್ಲೂ ಇಂಥದ್ದು ಇರಲಿಕ್ಕಿಲ್ಲ. ನಾವು ಇಂಟರ್‌ನೆಟ್ ನೋಡಿ ಪ್ರಶ್ನೆ ಬರೆಯುತ್ತೇವೆ, ಅಂದರೆ ಉತ್ತರ ಮೊದಲೇ ಸಿದ್ಧವಿರುವ ಪ್ರಶ್ನೆಗಳನ್ನೇ ಬರೆಯುತ್ತೇವೆ. ಪಾಠ ಕೇಳುವ ಪ್ರಶ್ನೆಗೆ ಪಾಠವೇ ಬರುತ್ತದೆ. ಪಾಪ, ಅವರದ್ದೇನು ತಪ್ಪು?

ಮರುವಾರ ಅದೇ ವೈದ್ಯರ ಹತ್ತಿರ ಹೋಗಿ ಚಿಕ್ಕಮ್ಮನ ಮಾತನ್ನು ಹಾಗೆಯೇ ಇಟ್ಟೆ. ಅವರು ಕೂಡಲೇ ಬಾಯಿ ತೆರೆಯಲಿಲ್ಲ. ನಾಲ್ಕು ಸೆಕೆಂಡಿನ ಆ ಮೌನವನ್ನು ನಾನು ಎಡಿಟ್‌ನಲ್ಲಿ ತೆಗೆದಿಲ್ಲ. ಆಮೇಲೆ ಕುರ್ಚಿ ಮುಂದೆಳೆದುಕೊಂಡು ಅವರು ಹೇಳಿದ್ದರ ಸಾರ ಇಷ್ಟು: "ನನ್ನ ಮುಂದೆ ಬರುವುದು ಮಂಗ ಅಲ್ಲ, ಜ್ವರದ ಮನುಷ್ಯ. ನಾನು ಮೊದಲು ಕೇಳೋದು ಜ್ವರ ಎಷ್ಟನೇ ದಿನ ಅಂತ. ಶುರುವಿನ ದಿನಗಳಾದರೆ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ, ತಡವಾಗಿದ್ದರೆ ದೇಹ ಕಟ್ಟಿಕೊಂಡ ಪ್ರತಿಕಾಯ ಹುಡುಕುವ ಪರೀಕ್ಷೆ. ಆಮೇಲೆ ಹಿಂದಕ್ಕೆ ಎಣಿಸ್ತೀನಿ, ಒಂದು ವಾರದ ಹಿಂದೆ ಎಲ್ಲಿಗೆ ಹೋಗಿದ್ದೆ ಮಾರಾಯ ಅಂತ. ಕಟ್ಟಿಗೆಗೆ ಹೋಗಿದ್ದೆ, ದನ ಹುಡುಕಲು ಹೋಗಿದ್ದೆ ಅಂತಾರೆ. ಮಂಗ ನೋಡಿದ್ದೆ ಅನ್ನುವವರು ಕಮ್ಮಿ." ಈ ಕಾಯಿಲೆಗೆ ನೇರವಾಗಿ ವೈರಸ್ ಕೊಲ್ಲುವ ಔಷಧವಿಲ್ಲ, ರಕ್ತಸ್ರಾವ ಮತ್ತು ನೀರಿನಂಶ ನೋಡಿಕೊಂಡು ರೋಗಿಯನ್ನು ದಾಟಿಸುವುದೇ ಚಿಕಿತ್ಸೆ ಎಂಬುದನ್ನೂ ಅವರು ಆ ದಿನ ನಾನು ಕೇಳದೆಯೇ ಹೇಳಿದರು. ಮೊದಲ ಸಲವೂ ಹೇಳಿದ್ದರಂತೆ, ಹದಿನೇಳನೇ ನಿಮಿಷದಲ್ಲಿ. ನಾನೇ ಕೇಳಿಸಿಕೊಂಡಿರಲಿಲ್ಲ.

ಆದರೂ ಮಂಗ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. "ಅದು ನನ್ನ ಕೆಲಸ ಅಲ್ಲ, ಉಣುಗಿನವರನ್ನು ಕೇಳಿ" ಎಂದರು. ಇದನ್ನು ನೆನಪಿಡಿ. ಒಬ್ಬ ತಜ್ಞರು "ಇದು ನನಗೆ ಸೇರಿದ್ದಲ್ಲ" ಎಂದ ಜಾಗದಿಂದಲೇ ನಿಮ್ಮ ಮುಂದಿನ ಸಂಚಿಕೆ ಶುರುವಾಗುತ್ತದೆ.

ಉಣುಗಿನ ಮೇಲೆ ಕೆಲಸ ಮಾಡುವ ಸಂಶೋಧಕಿಯೊಬ್ಬರು ಆಗ ನಮ್ಮ ಕಡೆ ಓಡಾಡುತ್ತಿದ್ದರು. ಅವರನ್ನು ಕೋಣೆಯಲ್ಲಿ ಕೂರಿಸಲಿಲ್ಲ. ಒಂದು ಪಾಠ ಕಲಿತಿದ್ದೆನಲ್ಲ, "ನೀವು ಕೆಲಸ ಮಾಡುವಾಗ ಜೊತೆಗೆ ಬರಬಹುದೇ ಮೇಡಂ?" ಎಂದು ಕೇಳಿದೆ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಉಣುಗು ಹತ್ತದ ಹಾಗೆ ಎಣ್ಣೆ ಹಚ್ಚಿಸಿ ಕರೆದುಕೊಂಡು ಹೋದರು. ಕೈಯಲ್ಲಿ ಒಂದು ಬಿಳಿ ಫ್ಲಾನಲ್ ಬಟ್ಟೆ, ಮುಂಭಾಗಕ್ಕೆ ಕೋಲು, ಎರಡು ತುದಿಗೆ ಹಗ್ಗ. ಅದನ್ನು ತರಗೆಲೆಯ ಮೇಲೆ ಮೆಲ್ಲಗೆ ಎಳೆಯುತ್ತಾ ಹೋಗುವುದು, ಸ್ವಲ್ಪ ದೂರಕ್ಕೊಮ್ಮೆ ನಿಂತು ಮಗುಚಿ ನೋಡುವುದು. ಮೊದಲ ಮೂರು ಸಲ ಏನೂ ಇರಲಿಲ್ಲ. ನಾಲ್ಕನೆಯ ಸಲ ಬಟ್ಟೆಯ ಮೇಲೆ ಮೆಣಸಿನ ಪುಡಿ ಉದುರಿದ ಹಾಗಿತ್ತು. ಕಣ್ಣು ಹತ್ತಿರ ಒಯ್ದಾಗ ಪುಡಿ ನಡೆಯುತ್ತಿತ್ತು.

"ಇದೇ ಎಳೆ ಉಣುಗು, ನಿಮ್ಫ್. ಮನುಷ್ಯರಿಗೆ ಕಚ್ಚೋದು ಹೆಚ್ಚಾಗಿ ಇದೇ. ದನದ ಕಿವಿಯಲ್ಲಿ ಉಬ್ಬಿಕೊಂಡು ಕಾಣ್ತದಲ್ಲ, ಅದು ದೊಡ್ಡದು" ಎಂದರು. ಎಳ್ಳಿಗಿಂತ ಸಣ್ಣದು. ಎಲೆಯ ಅಂಚಿಗೆ ಬಂದು ಮುಂಗಾಲು ಎರಡನ್ನೂ ಗಾಳಿಗೆ ಚಾಚಿ ಕಾಯುತ್ತದೆ. ಪ್ರಾಣಿಯ ಉಸಿರು, ಮೈಬಿಸಿ ಗೊತ್ತಾಗುವ ಅಂಗ ಅದರ ಮುಂಗಾಲಿನಲ್ಲೇ ಇದೆ. ಅಂದರೆ ಉಣುಗು ಕಾಲಿನಿಂದ ಮೂಸಿ ನೋಡುತ್ತದೆ! (ಅದು ಕೀಟವೂ ಅಲ್ಲವಂತೆ, ಎಂಟು ಕಾಲು, ಜೇಡದ ನೆಂಟ. ಮೊಟ್ಟೆಯಿಂದ ಹೊರಬಂದ ಹೊಸದರಲ್ಲಿ ಮಾತ್ರ ಆರೇ ಕಾಲು.)

ಅಲ್ಲೇ ನಿಂತು ಚಿಕ್ಕಮ್ಮನ ಪ್ರಶ್ನೆ ಕೇಳಿದೆ. ಅವರು ಬಟ್ಟೆ ಮಡಚಿಟ್ಟು ವರ್ಷವನ್ನು ಬೆರಳಲ್ಲಿ ಎಣಿಸಿ ತೋರಿಸಿದರು. ಮಳೆಗಾಲದಲ್ಲಿ ದೊಡ್ಡ ಉಣುಗು ದನ, ಕಾಡುಪ್ರಾಣಿಗಳ ರಕ್ತ ಕುಡಿದು ಉದುರಿ ಮೊಟ್ಟೆಯಿಡುತ್ತದೆ. ಮಳೆ ಬಿಟ್ಟ ಮೇಲೆ ಆರು ಕಾಲಿನ ಮರಿ ಹೊರಬಂದು ಇಲಿ, ಸುಂಡಿಲಿ, ಹಕ್ಕಿ, ಮಂಗ ಯಾವುದು ಸಿಕ್ಕರೆ ಅದಕ್ಕೆ ಹತ್ತುತ್ತದೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಗೆ ಬರುತ್ತದೆ. ಮರಿ ಪೊರೆ ಬಿಟ್ಟು ನಿಮ್ಫ್ ಆದರೂ ವೈರಸ್ ಒಳಗೇ ಉಳಿಯುತ್ತದೆ. ಅದು ಜನವರಿಯಲ್ಲೋ ಫೆಬ್ರವರಿಯಲ್ಲೋ ನಿಮ್ಮ ಕಾಲಿಗೆ ಹತ್ತುವಾಗ, ಅದಕ್ಕೆ ರೋಗ ಕೊಟ್ಟ ಪ್ರಾಣಿ ಎರಡು ತಿಂಗಳ ಹಿಂದಿನದು. ಅದು ಯಾರ ಕಣ್ಣಿಗೂ ಬೀಳದ ಒಂದು ಇಲಿಯೂ ಆಗಿರಬಹುದು.

"ಮತ್ತೆ ಮಂಗನ ಹೆಸರು ಯಾಕೆ?"

"ಮಂಗ ತಡ್ಕೊಳ್ಳೋದಿಲ್ಲ. ಕಪ್ಪು ಮೂತಿಯ ಮುಸಿಯನಿಗೂ ಕೆಂಪು ಮೂತಿ ಮಂಗನಿಗೂ ರಕ್ತದಲ್ಲಿ ವೈರಸ್ ಜೋರಾಗಿ ಏರಿ ಸಾಯ್ತವೆ. ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗೆಲ್ಲ ಒಂದೇ ಕಡೆ ಉದುರ್ತದೆ. ಆ ಜಾಗ ಅಪಾಯ. ಹಾಗಂತ ಮಂಗ ಸಾಯದ ಜಾಗ ಕ್ಷೇಮ ಅಂತಲ್ಲ."

ಇದನ್ನು ಪ್ರಸಾರ ಮಾಡಿದ ಮೇಲೆ ನಮಗೆ ಬಂದಷ್ಟು ಫೋನ್ ಇನ್ಯಾವ ಸಂಚಿಕೆಗೂ ಬಂದಿಲ್ಲ. "ಸತ್ತ ಮಂಗ ಕಂಡರೆ ತಿಳಿಸಿ" ಎಂಬ ಮಾತನ್ನು ಜನ "ಮಂಗ ಸಾಯದಿದ್ದರೆ ಭಯವಿಲ್ಲ" ಎಂದು ಅರ್ಥ ಮಾಡಿಕೊಂಡಿದ್ದರು. ತಿಳಿಸಿದವರೂ ಅದನ್ನು ಗಮನಿಸಿರಲಿಲ್ಲ, ಕೇಳಿದವರೂ ಹೇಳಿರಲಿಲ್ಲ.

ಇನ್ನೊಂದು ಪ್ರಶ್ನೆ ನನ್ನ ಮಟ್ಟಿಗೆ ಎಂದೂ ಸೋತಿಲ್ಲ: "ನಿಮ್ಮವರು ಮೊದಲು ಇದನ್ನು ಏನೆಂದುಕೊಂಡಿದ್ದರು?" ತಮ್ಮ ಕ್ಷೇತ್ರ ದಾರಿ ತಪ್ಪಿದ ಕತೆಯನ್ನು ವಿಜ್ಞಾನಿಗಳು ಖುಷಿಯಿಂದ ಹೇಳುತ್ತಾರೆ, ನಾವು ಕೇಳುವುದಿಲ್ಲ ಅಷ್ಟೆ. 1957ರಲ್ಲಿ ಕ್ಯಾಸನೂರಿನಲ್ಲಿ ಮಂಗಗಳು ಬಿದ್ದು ಸಾಯುತ್ತಿವೆ, ಊರಲ್ಲಿ ಜ್ವರ ಎಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಬಂದರು. ಮೊದಲ ಭಯ ಹಳದಿ ಜ್ವರದ್ದು, ಏಕೆಂದರೆ ದಕ್ಷಿಣ ಅಮೆರಿಕದ ಕಾಡಿನಲ್ಲಿ ಹಳದಿ ಜ್ವರ ಬಂದರೆ ಮಂಗಗಳು ಹೀಗೆಯೇ ಸಾಯುತ್ತವೆ, ಭಾರತಕ್ಕೆ ಅದು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿದ್ದು ರಷ್ಯಾದ ಕಾಡುಗಳ ಉಣುಗು ಜ್ವರದ ವೈರಸ್ಸಿಗೆ ಹತ್ತಿರದ್ದು. ರಷ್ಯಾದ್ದು ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿ ಹೊತ್ತು ತಂದಿರಬಹುದೇ? ಈ ಅನುಮಾನ ಹಿಡಿದು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು, ಪಕ್ಷಿತಜ್ಞ ಸಲೀಂ ಅಲಿ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗು ಹೆಕ್ಕಿದರು. ವೈರಸ್ಸಿನ ಜಾಡು ಹಕ್ಕಿಯಲ್ಲಿ ಸಿಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹಾರುತ್ತದೆ ಎಂಬುದರ ಬಗ್ಗೆ ಭಾರತಕ್ಕೆ ಸಿಕ್ಕಿದ ಎಷ್ಟೋ ತಿಳಿವಳಿಕೆ ನಮ್ಮೂರ ಜ್ವರದ ದೆಸೆಯಿಂದ ಬಂದದ್ದು. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ, "ಹಕ್ಕಿಯವರಿಗಾದರೂ ಉಪಕಾರ ಆಯ್ತಲ್ಲ" ಅಂದಳು.

ಮೂರನೆಯವರು ಸಮಾಜಶಾಸ್ತ್ರದವರು. ನಿಜ ಹೇಳಬೇಕೆಂದರೆ ಅವರ ಬಗ್ಗೆ ನನಗೆ ದೊಡ್ಡ ನಿರೀಕ್ಷೆ ಇರಲಿಲ್ಲ, ರೋಗಕ್ಕೂ ಇವರಿಗೂ ಏನು ಎಂದುಕೊಂಡಿದ್ದೆ. ಅವರು ನನ್ನ ಪ್ರಶ್ನೆಗೆ ಉತ್ತರಿಸುವ ಮೊದಲು ನನ್ನನ್ನೇ ಕೇಳಿದರು: "ಆ ಹುಡುಗ ಬೆಟ್ಟಕ್ಕೆ ಹೋಗಿದ್ದು ಯಾಕೆ?"

ದರಕಿಗೆ. ಬಯಲುಸೀಮೆಯವರಿಗೆ ಹೇಳುವುದಾದರೆ, ನಮ್ಮ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಎಂದು ಕಾಡಿನ ಒಂದು ಭಾಗ ಇರುತ್ತದೆ. ಅಲ್ಲಿನ ಹಸಿ ಸೊಪ್ಪು, ಒಣಗಿ ಉದುರಿದ ಎಲೆ ಅಂದರೆ ದರಕು, ಕೊಟ್ಟಿಗೆಗೆ ಹಾಸಿ, ಸಗಣಿ ಜೊತೆ ಕೊಳೆಸಿ ತೋಟಕ್ಕೆ ಹಾಕುವುದು. ಎಲೆ ಉದುರುವುದೇ ಚಳಿಗಾಲ ಕಳೆದ ಮೇಲೆ. ನಿಮ್ಫ್ ಕಾದು ಕೂರುವುದೂ ಅದೇ ಎಲೆಯ ಮೇಲೆ, ಅದೇ ತಿಂಗಳುಗಳಲ್ಲಿ. ಆರೋಗ್ಯದವರ ಕರಪತ್ರದಲ್ಲಿ "ಕಾಡಿಗೆ ಹೋಗಬೇಡಿ, ದರಕು ತರಬೇಡಿ" ಎಂದಿರುತ್ತದೆ. ಸಮಾಜಶಾಸ್ತ್ರದವರು ಕೇಳಿದ್ದು, "ತರದಿದ್ದರೆ ಗೊಬ್ಬರಕ್ಕೆ ದುಡ್ಡು ಯಾರು ಕೊಡ್ತಾರೆ ಅಂತ ಆ ಕರಪತ್ರದಲ್ಲಿ ಇದೆಯಾ?"

ಅವರೇ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕತೆ ಹೇಳಿದರು. 1980ರ ದಶಕದ ಆರಂಭದಲ್ಲಿ ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಾಗ ಮಂಗನ ಕಾಯಿಲೆ ಎದ್ದಿತು, ಕೂಲಿಗೆ ಬಂದವರೇ ಮೊದಲು ಮಲಗಿದರು. ದೈವದ ಜಾಗಕ್ಕೆ ಕೊಡಲಿ ಹಾಕಿದ್ದಕ್ಕೆ ದೈವ ಮುನಿದಿದೆ ಎಂದು ಊರವರು ಆಡಿಕೊಂಡರು. ಆ ಕಾಲದಲ್ಲಿ ಅಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದು ಕರೆದರು. ಇತ್ತೀಚೆಗೆ, 2020ರಲ್ಲಿ, ನಮ್ಮ ಜಿಲ್ಲೆಯ ನಕ್ಷೆ ಇಟ್ಟುಕೊಂಡು ಮಾಡಿದ ಲೆಕ್ಕದಲ್ಲೂ ಕಾಯಿಲೆಯ ಸಾಧ್ಯತೆ ಹೆಚ್ಚು ಕಂಡದ್ದು ತೋಟವೂ ಹಸಿರು ಕಾಡೂ ಒಂದಕ್ಕೊಂದು ಹೆಣೆದುಕೊಂಡ, ಊರದನ ಜಾಸ್ತಿ ಇರುವ ಜಾಗಗಳಲ್ಲಿ. ಊರವರದ್ದು ಮೂಢನಂಬಿಕೆ ಎಂದು ನಾನು ನಗಲು ಹೊರಟಿದ್ದೆ, ಕಾಡು ಕಡಿದದ್ದಕ್ಕೂ ಜ್ವರಕ್ಕೂ ಸಂಬಂಧವಿದೆ ಎಂಬಲ್ಲಿ ಅವರ ಗುರಿ ತಪ್ಪಿರಲಿಲ್ಲ.

ಲಸಿಕೆಯ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಅಲ್ಲಿ "ಕೆಲಸ ಮಾಡುತ್ತದಾ ಇಲ್ಲವಾ?" ಎಂದು ಕೇಳಿದರೆ ಹೌದು ಅಥವಾ ಇಲ್ಲ ಬರುತ್ತದೆ, ಎರಡೂ ಅರ್ಧ ಸತ್ಯ. "ಎಷ್ಟು, ಅದು ಹೇಗೆ ಗೊತ್ತಾಯಿತು?" ಎಂದು ಕೇಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್‌ಗಳು ಎಂದು ತೆಗೆದುಕೊಳ್ಳಬೇಕಿತ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್‌ಗೆ ಶೇ. 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ ಶೇ. 83ರಷ್ಟು. ಹಾಗಾದರೆ ಸುಮಾರಾಗಿ ಒಳ್ಳೆಯದೇ ಅಲ್ಲವೇ? ಆದರೆ ಚುಚ್ಚಿದ ಕೈ ನೋಯುತ್ತದೆ ಎಂದು ಎರಡನೆಯದಕ್ಕೇ ಜನ ಬರುತ್ತಿರಲಿಲ್ಲ, ಬೂಸ್ಟರ್ ದೂರದ ಮಾತು. ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ಕೊಡುವುದು ನಿಂತಿತು. ಬಾಟಲಿಯಲ್ಲಿರುವ ಲಸಿಕೆ ಬೇರೆ, ಊರಲ್ಲಿರುವ ಲಸಿಕೆ ಬೇರೆ ಎಂದು ನನಗೆ ಅರ್ಥ ಮಾಡಿಸಿದ್ದು ಒಬ್ಬ ಆರೋಗ್ಯ ಸಹಾಯಕಿ. ಅವರನ್ನು ಯಾರೂ ತಜ್ಞರ ಪಟ್ಟಿಯಲ್ಲಿ ಹಾಕುವುದಿಲ್ಲ. ನೀವು ಹಾಕಿ.

ಇನ್ನು, ಪ್ರಶ್ನೆ ಮೊದಲೇ ಕಳಿಸಬೇಕೇ ಎಂದಿರಿ. ವಿಷಯ ತಿಳಿಸಿ, ಪ್ರಶ್ನೆ ಬೇಡ. ಪ್ರಶ್ನೆ ಕಳಿಸಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ. ಅಂಕಿಸಂಖ್ಯೆ ಬೇಕಿದ್ದರೆ ಮಾತ್ರ ಮೊದಲೇ ಹೇಳಿ, ಇಲ್ಲವಾದರೆ ಅಂದಾಜಿನಲ್ಲಿ ಏನೋ ಹೇಳಿ ಅವರೂ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ. ರೆಕಾರ್ಡಿಂಗ್ ಆದ ಮೇಲೆ ಔಷಧ, ಡೋಸ್, ದಿನದ ಲೆಕ್ಕ ಬರುವ ಭಾಗವನ್ನು ಅವರಿಗೆ ಒಮ್ಮೆ ಕೇಳಿಸಿ. ಉಳಿದದ್ದನ್ನು ಕೇಳಿಸಬೇಡಿ, ತಾವು ನಕ್ಕಿದ್ದನ್ನು ತೆಗೆಯಿರಿ ಅಂತಾರೆ.

ಸಾಧ್ಯವಾದರೆ ಕೊನೆಗೊಮ್ಮೆ ಎಲ್ಲರನ್ನೂ ಪ್ರಶ್ನೆ ಹುಟ್ಟಿದ ಜಾಗಕ್ಕೇ ಕರೆತನ್ನಿ. ನಾವು ವೈದ್ಯರನ್ನೂ ಉಣುಗಿನ ಮೇಡಂ ಅವರನ್ನೂ ನಮ್ಮ ಜಗಲಿಗೆ ಕರೆದಿದ್ದೆವು. ನನ್ನ ಕೆಲಸ ಮೈಕ್ ಹಿಡಿಯುವುದಷ್ಟೇ ಇತ್ತು. ವೈದ್ಯರು, "ಅಮ್ಮಾ, ದರಕು ತರಬೇಡಿ ಅಂದರೆ ನೀವು ಕೇಳೋದಿಲ್ಲ. ಹೋಗಲಿ, ಹೇಗೆ ತಂದರೆ ಕಚ್ಚೋದು ಕಡಿಮೆ ಆದೀತು, ನೀವೇ ಹೇಳಿ" ಎಂದರು. ಚಿಕ್ಕಮ್ಮ ಕೊಟ್ಟಿಗೆ ಕಡೆ ನೋಡಿ ಸ್ವಲ್ಪ ಯೋಚಿಸಿದಳು. "ಕೈಯಲ್ಲಿ ಬಾಚಿ ತಬ್ಬಿಕೊಂಡು ತುಂಬ್ತೇವಲ್ಲ, ಅದು ಬಿಡಬೇಕು. ಉದ್ದ ಹಿಡಿಯ ಕುಂಟೆ ಮಾಡಿಸಿದರೆ?" ಮೇಡಂ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ಆ ಸಂಚಿಕೆಯಲ್ಲಿ ಮಧ್ಯೆ ಮಧ್ಯೆ ಕಟ್ ಕಟ್ ಎಂದು ಕೇಳುವುದು ಅಡಿಕೆ ಸುಲಿಯುವ ಸದ್ದು. ಎಷ್ಟು ಹೇಳಿದರೂ ನಿಲ್ಲಿಸಲಿಲ್ಲ.